ಪರದೇಶಿಯಾಗಿ ಬಾಳುವ ಬಗೆ



ಈ ತಿಂಗಳಿನ ಧ್ಯಾನಕ್ಕಾಗಿ ನಾವು ಆರಿಸಿಕೊಂಡಿರುವ ವೇದಭಾಗಗಳು ಮೂರು. ಆದಿಕಾಂಡದ ೨೩ನೆಯ ಅಧ್ಯಾಯ. ಯೆರೆಮೀಯನ ಪ್ರವಾದನೆಯ ೨೯ನೆಯ ಅಧ್ಯಾಯದಲ್ಲಿ ಮೊದಲನೆಯ ವಚನದಿಂದ ೧೪ನೆಯ ವಚನದ ವರೆಗೆ. ಯಾಜಕಕಾಂಡದ ೨೫ನೆಯ ಅಧ್ಯಾಯದ ೨೩ನೆಯ ವಚನ. ಸಾಯಂಕಾಲ ಮನೆಯವರೆಲ್ಲರೂ ಕೂಡಿರುವಾಗ ಓದಬಲ್ಲವರು ಒಬ್ಬರು ಇವುಗಳನ್ನು ಗಟ್ಟಿಯಾಗಿ ಓದಿ, ಆಮೇಲೆ ಈ ಮಾತುಗಳನ್ನು ಓದಿದರೆ ಪ್ರಯೋಜನವಾಗುವದೆಂದು ನಂಬುತ್ತೇವೆ. ಮೂರು ಭಾಗಗಳಲ್ಲಿಯೂ ವಿಷಯವು ಒಂದೇ. ತನ್ನದಲ್ಲದ ದೇಶದಲ್ಲಿ ಇಳುಕೊಂಡಿರುವ ಮನುಷ್ಯನು ಹೇಗೆ ನಡೆದುಕೊಳ್ಳತಕ್ಕದ್ದು? ಅಲ್ಲಿಯ ನೀರು, ಅಲ್ಲಿಯ ಭೂಮಿ, ಅಲ್ಲಿಯ ಮಾತು, ಅಲ್ಲಿಯ ಜನ, ಇವುಗಳ ಮುಂದೆ ಅವನು ಎಂಥವನಾಗಿರಬೇಕು?

ಇದು ವಿಮಾನ ಹತ್ತಿ ಹೋಗುವವರಿಗೆ ತಕ್ಕ ಬೋಧನೆ, ರಾಗಿ ಬಿತ್ತುವವರಿಗೆ ಇದೇತಕ್ಕೆ ಎಂದು ಕೆಲವರು ಕೇಳಬಹುದು. ಕೇಳುವದು ನ್ಯಾಯವೇ. ಆದರೆ ಮಾಕಳಿದುರ್ಗದ ಸೀಮೆಯನ್ನು ಒಂದು ಸಾರಿ ಕಣ್ಣೆತ್ತಿ ನೋಡಿರಿ. ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ಕಡೆಗೆ ಹೋಗುವಾಗ, ಘಾಟಿ ಸುಬ್ರಹ್ಮಣ್ಯಕ್ಕೆ ಸಮೀಪವಾಗಿ, ಬಂಡೆಯ ಮೇಲೆ ಬಂಡೆಯನ್ನು ಪೇರಿಸಿದಂತೆ ಈ ದುರ್ಗವು ನಿಂತಿದೆ. ಮೇಲೆ ಹಳೆಯ ಕೋಟೆಯ ಗೋಡೆಗಳು, ಕೆಳಗೆ ರೈಲುದಾರಿ. ಬೆಂಗಳೂರಿಗೆ ಸುಮಾರು ೬೦ ಕಿಲೋಮೀಟರು ದೂರವಾದದರಿಂದ ಶನಿವಾರ ಭಾನುವಾರಗಳಲ್ಲಿ ನಗರದ ಯೌವನಸ್ಥರು ಬೆಟ್ಟ ಹತ್ತುವದಕ್ಕೆ ಬರುತ್ತಾರೆ. ಅವರಲ್ಲಿ ಅನೇಕರ ಮನೆಮಾತು ಕನ್ನಡವಲ್ಲ. ಅವರು ಅರ್ಧ ದಿನದ ಪರದೇಶಿಗಳು. ದೊಡ್ಡಬಳ್ಳಾಪುರದ ಸುತ್ತಲಿನ ಕಾರ್ಖಾನೆಗಳಲ್ಲಿಯೂ ಸಿದ್ಧ ಉಡುಪು ಹೊಲಿಯುವ ಗಿರಣಿಗಳಲ್ಲಿಯೂ ಕೆಲಸ ಮಾಡುವದಕ್ಕೆ ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಂ ಮುಂತಾದ ಕಡೆಗಳಿಂದ ಬಂದವರು ಬಾಡಿಗೆಯ ಕೋಣೆಗಳಲ್ಲಿ ಇದ್ದಾರೆ. ಅವರು ಕೆಲವು ವರ್ಷಗಳ ಪರದೇಶಿಗಳು. ಇನ್ನು ಇದೇ ಜಿಲ್ಲೆಯ ದೇವನಹಳ್ಳಿಯ ಬಳಿಯಲ್ಲಿ ೨೦೦೮ನೆಯ ಇಸವಿಯಲ್ಲಿ ತೆರೆದ ವಿಮಾನ ನಿಲ್ದಾಣದಿಂದ ಕನ್ನಡ ನಾಡಿನ ಮಕ್ಕಳು ದಾದಿಯರಾಗಿಯೂ ಯಂತ್ರಗಳ ಕೆಲಸದವರಾಗಿಯೂ ಕೊಲ್ಲಿಯ ದೇಶಗಳಿಗೂ ಜರ್ಮನಿಗೂ ಇಂಗ್ಲೆಂಡಿಗೂ ಹೋಗುತ್ತಾರೆ. ಹೀಗೆ ಬರುವವರೂ ಹೋಗುವವರೂ ಹಳ್ಳಿಯ ಬಾಗಿಲಲ್ಲಿಯೇ ಇದ್ದಾರೆ. ಆದಕಾರಣ ಈ ಬೋಧನೆಯು ದೂರದವರದಲ್ಲ, ನಮ್ಮದೇ.

ದೊಡ್ಡ ದೃಷ್ಟಾಂತಗಳನ್ನು ಹುಡುಕುವದಕ್ಕೆ ಮುಂಚೆ ಹೊಲದಲ್ಲಿರುವ ಎರಡು ದೃಷ್ಟಾಂತಗಳನ್ನು ನೋಡೋಣ. ನಮ್ಮ ಕರ್ತನು ಸಹ ಬೀಜವನ್ನೂ ಕಳೆಯನ್ನೂ ಅಂಜೂರದ ಮರವನ್ನೂ ತೋರಿಸಿ ಬೋಧಿಸಿದನಲ್ಲವೇ? ಈ ಸೀಮೆಯ ನೆಲದಲ್ಲಿ ಇಬ್ಬರು ಪರದೇಶಿಗಳು ಇದ್ದಾರೆ. ಒಬ್ಬನ ಹೆಸರು ರಾಗಿ, ಮತ್ತೊಬ್ಬನ ಹೆಸರು ನೀಲಗಿರಿ.

ರಾಗಿಯು ಪರದೇಶಿಯೆಂದರೆ ಆಶ್ಚರ್ಯವಾದೀತು. ಆದರೆ ಸಸ್ಯಶಾಸ್ತ್ರ ಬಲ್ಲವರು ಹೇಳುವದೇನಂದರೆ, ರಾಗಿಯನ್ನು ಮೊದಲು ಬೆಳೆದವರು ಆಫ್ರಿಕಾ ಖಂಡದ ಪೂರ್ವಭಾಗದ ಎತ್ತರದ ನಾಡಿನವರು. ಇಥಿಯೋಪಿಯ, ಉಗಾಂಡ ಎಂಬ ದೇಶಗಳ ಸೀಮೆಯವರು. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಅದು ಸಮುದ್ರ ದಾಟಿ ನಮ್ಮ ದೇಶಕ್ಕೆ ಬಂತು. ಕನ್ನಡಿಗರು ಹೊರಗಿನಿಂದ ಬಂದ ಅನೇಕ ವಸ್ತುಗಳಿಗೆ ಸೀಮೆ ಎಂಬ ಗುರುತನ್ನು ಹಚ್ಚಿದ್ದಾರೆ. ಸೀಮೆಬದನೆ, ಸೀಮೆಹುಣಸೆ, ಸೀಮೆಎಣ್ಣೆ, ಸೀಮೆಸುಣ್ಣ ಅನ್ನುತ್ತಾರೆ. ಸೀಮೆರಾಗಿ ಎಂದು ಯಾರೂ ಅನ್ನುವದಿಲ್ಲ. ಅದು ಪರದೇಶಿಯೆಂಬದೇ ಜನರಿಗೆ ಮರೆತುಹೋಯಿತು. ಯಾತಕ್ಕೆ? ಅದರ ನಡತೆಯನ್ನು ನೋಡಿರಿ. ಆಕಾಶದಿಂದ ಬಿದ್ದ ಮಳೆಯಿಂದಲೇ ಅದು ಬಾಳುತ್ತದೆ. ನಾಲ್ಕು ತಿಂಗಳು ಹೊಲದಲ್ಲಿದ್ದು, ಮಳೆಗಾಲವು ತೀರುವಾಗ ತಾನೂ ತೀರುತ್ತದೆ. ಅಕ್ಕಡಿ ಸಾಲುಗಳಲ್ಲಿ ಅವರೆಗೂ ತೊಗರಿಗೂ ಸಾಸಿವೆಗೂ ಸ್ಥಳ ಕೊಡುತ್ತದೆ. ಕಾಳನ್ನು ಮನುಷ್ಯನಿಗೂ ಹುಲ್ಲನ್ನು ದನಕ್ಕೂ ಬಿಟ್ಟುಹೋಗುತ್ತದೆ. ಹಿಂದಿನವರು ಹಗೇವಿನಲ್ಲಿ ತುಂಬಿಟ್ಟ ರಾಗಿಯು ವರ್ಷಗಟ್ಟಲೆ ಹುಳು ಬೀಳದೆ ಬರಗಾಲದಲ್ಲಿ ಪ್ರಾಣ ಉಳಿಸಿತು. ಕಡೆಗೆ ೧೯೬೦ ಮತ್ತು ೧೯೭೦ರ ದಶಕಗಳಲ್ಲಿ ಮಂಡ್ಯದ ಸಂಶೋಧನಾ ಕೇಂದ್ರದಲ್ಲಿ ಲಕ್ಷ್ಮಣಯ್ಯನವರು ಇಲ್ಲಿಯ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ಎಂಬ ತಳಿಗಳನ್ನು ಉಂಟುಮಾಡಿದರು. ಇಂಡಿಯ, ಆಫ್ರಿಕ ಎಂಬ ಎರಡು ದೇಶಗಳ ಹೆಸರುಗಳೂ ಆ ಒಂದು ಹೆಸರಿನಲ್ಲಿ ಸೇರಿವೆ. ಬಹುಕಾಲ ಅಗಲಿದ ದಾಯಾದಿಗಳು ಒಂದೇ ಪಂಕ್ತಿಯಲ್ಲಿ ಕೂತ ಹಾಗಾಯಿತು. ರೈತರ ಕಣವೂ ತುಂಬಿತು.

ನೀಲಗಿರಿ ಮರದ ಸ್ವದೇಶವು ಆಸ್ಟ್ರೇಲಿಯ. ಟಿಪ್ಪು ಸುಲ್ತಾನನ ಕಾಲದಲ್ಲಿ, ೧೭೯೦ನೆಯ ಇಸವಿಯ ಸುಮಾರಿಗೆ, ನಂದಿಬೆಟ್ಟದ ತೋಟದಲ್ಲಿ ಅದನ್ನು ಮೊದಲು ನೆಟ್ಟರೆಂದು ಹೇಳುತ್ತಾರೆ. ತೋಟದಲ್ಲಿ ಕೆಲವೇ ಮರಗಳಿದ್ದಾಗ ಅದರಿಂದ ಕೇಡಾಗಲಿಲ್ಲ. ಆದರೆ ೧೯೮೦ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಿಂದ ಕೋಲಾರದಲ್ಲಿಯೂ ಬೆಂಗಳೂರಿನ ಸುತ್ತಲೂ ರಾಗಿಯ ಹೊಲಗಳೇ ನೀಲಗಿರಿಯ ತೋಪುಗಳಾದವು. ಬೇಗನೆ ಬೆಳೆಯುತ್ತದೆ, ದನ ಮೇಯುವದಿಲ್ಲ, ಕಾಯುವ ಕೆಲಸವಿಲ್ಲ, ಮರಕ್ಕೆ ಹಣ ಬರುತ್ತದೆ. ಆದರೆ ಅದು ವರ್ಷವೆಲ್ಲಾ ಹಸುರಾಗಿದ್ದು ವರ್ಷವೆಲ್ಲಾ ನೀರು ಕುಡಿಯುತ್ತದೆ. ಬೇರುಗಳನ್ನು ಆಳಕ್ಕೆ ಇಳಿಸಿ, ಇನ್ನೊಬ್ಬರಿಗಾಗಿ ನೆಲದೊಳಗೆ ಇಳಿಯಬೇಕಾದ ತೇವವನ್ನು ಹೀರುತ್ತದೆ. ಅದರ ಅಡಿಯಲ್ಲಿ ಬೇರೆ ಪೈರು ಏಳುವದು ಕಷ್ಟ. ಕಡೆಗೆ ೨೦೧೭ರಲ್ಲಿ ಕರ್ನಾಟಕದ ಸರಕಾರವು ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂದು ಆಜ್ಞೆ ಮಾಡಿತು. ದೇವರು ಸೃಷ್ಟಿಸಿದ ಮರದಲ್ಲಿ ಪಾಪವಿಲ್ಲ. ತನ್ನ ದೇಶದಲ್ಲಿ ಅದು ಒಳ್ಳೆಯದೇ. ಅಳತೆ ಇಲ್ಲದೆ ಅದನ್ನು ತಂದು ನೆಟ್ಟವನು ಮನುಷ್ಯನು.

ಪ್ರಿಯರೇ, ಪರದೇಶಿಯ ಬಾಳಿಗೆ ಈ ಎರಡು ದಾರಿಗಳುಂಟು. ಮಳೆಯಷ್ಟಕ್ಕೆ ತಕ್ಕಂತೆ ಬಾಳಿ, ನೆರೆಯ ಪೈರಿಗೆ ಸ್ಥಳ ಬಿಟ್ಟು, ಹೋಗುವಾಗ ಕಾಳು ಹುಲ್ಲುಗಳನ್ನು ಉಳಿಸಿಹೋಗುವದು ಒಂದು. ಬೇಗನೆ ಬೆಳೆದು, ಆಳದ ನೀರನ್ನು ಕುಡಿದು, ಅಡಿಯಲ್ಲಿ ಏನೂ ಬೆಳೆಯದಂತೆ ಮಾಡುವದು ಇನ್ನೊಂದು. ಮೊದಲನೆಯ ದಾರಿಯನ್ನು ಹಿಡಿಯುವದು ಹೇಗೆಂಬದನ್ನು ದೇವರ ವಾಕ್ಯವು ಮೂರು ವಿಧವಾಗಿ ಕಲಿಸುತ್ತದೆ.

ಮೊದಲನೆಯದು, ಪರದೇಶಿಯು ಕೇಳಿ ತೆಗೆದುಕೊಳ್ಳಬೇಕು, ಅಳತೆಯಿಂದ ತೆಗೆದುಕೊಳ್ಳಬೇಕು.

ಅಬ್ರಹಾಮನನ್ನು ನೋಡಿರಿ. ಆ ದೇಶವನ್ನು ಕೊಡುತ್ತೇನೆಂಬ ವಾಗ್ದಾನವು ದೇವರಿಂದಲೇ ಅವನಿಗೆ ಬಂದಿತ್ತು. ಆದರೂ ಸಾರಳು ಹೆಬ್ರೋನಿನಲ್ಲಿ ತೀರಿಕೊಂಡಾಗ ಆಕೆಯನ್ನು ಹೂಣಿಡುವದಕ್ಕೆ ಅವನಿಗೆ ಮೊಳದಷ್ಟು ನೆಲವಿರಲಿಲ್ಲ. ಅವನು ವಾಗ್ದಾನವನ್ನು ಎತ್ತಿ ಜಗಳವಾಡಲಿಲ್ಲ. ಆ ದೇಶದ ಜನರ ಮುಂದೆ ನಿಂತು, ತಾನು ಪರದೇಶಿಯೂ ಪ್ರವಾಸಿಯೂ ಎಂದು ತನ್ನ ಬಾಯಿಂದಲೇ ಹೇಳಿ, ಸ್ಥಳವನ್ನು ಕೇಳಿಕೊಂಡನು. ಅವರಿಗೆ ಎರಡು ಸಾರಿ ತಲೆಬಾಗಿದನು. ಅವರು ಅವನನ್ನು ಮಹಾಪುರುಷನೆಂದು ಗೌರವಿಸಿದರು. ಎಫ್ರೋನನು ಹೊಲವನ್ನು ಸುಮ್ಮನೆ ಕೊಡುತ್ತೇನೆಂದನು. ಅಬ್ರಹಾಮನು ಅದಕ್ಕೆ ಒಪ್ಪದೆ ಪೂರ್ಣ ಕ್ರಯವಾದ ನಾನೂರು ಶೆಕೆಲ್ ಬೆಳ್ಳಿಯನ್ನು ಎಲ್ಲರೆದುರಿನಲ್ಲಿ ತೂಗಿಕೊಟ್ಟನು. ದುಃಖದ ದಿನದಲ್ಲಿಯೂ ಚೌಕಾಸಿ ಮಾಡದ ಈ ಪರದೇಶಿಯಿಂದ ಕಲಿಯುವದು ಬಹಳವಿದೆ. ನನ್ನಲ್ಲಿ ಹಣವಿದೆ, ಆದದರಿಂದ ಕೇಳಬೇಕಾಗಿಲ್ಲ ಎನ್ನುವವನೂ ತಪ್ಪುತ್ತಾನೆ. ಇವರು ಒಳ್ಳೆಯವರು, ಆದದರಿಂದ ಕೊಡಬೇಕಾಗಿಲ್ಲ ಎನ್ನುವವನೂ ತಪ್ಪುತ್ತಾನೆ.

ರೂತಳು ಮೋವಾಬ್ ದೇಶದವಳು. ಬೇತ್ಲೆಹೇಮಿನ ಹೊಲದಲ್ಲಿ ಹಕ್ಕಲಾಯುವದಕ್ಕೆ ಬಡವರಿಗೂ ಪರದೇಶಿಗಳಿಗೂ ಧರ್ಮಶಾಸ್ತ್ರದ ಪ್ರಕಾರ ಹಕ್ಕಿತ್ತು. ಹಾಗಿದ್ದರೂ ಕೊಯ್ಯುವವರ ಮೇಲ್ವಿಚಾರಕನನ್ನು ಕೇಳಿಕೊಂಡೇ ಆಕೆ ಹೊಲಕ್ಕೆ ಇಳಿದಳು. ಹಕ್ಕು ಉಳ್ಳವನು ಕೇಳಿದರೆ ಹಕ್ಕು ಕಡಿಮೆಯಾಗುವದಿಲ್ಲ. ಕೊಡುವವನ ಮನಸ್ಸು ಹಿಗ್ಗುತ್ತದೆ. ಬೋವಜನು ಆಕೆಯ ಮುಂದೆ ಬೇಕೆಂದೇ ತೆನೆಗಳನ್ನು ಬೀಳಿಸಿಹೋಗುವಂತೆ ತನ್ನ ಆಳುಗಳಿಗೆ ಹೇಳಿದನೆಂದು ಓದುತ್ತೇವೆ.

ಅಳತೆಯ ವಿಷಯವಾಗಿ ಧರ್ಮೋಪದೇಶಕಾಂಡದ ೨೩ನೆಯ ಅಧ್ಯಾಯದ ಕಡೆಯಲ್ಲಿ ಒಂದು ಚಿಕ್ಕ ಕಟ್ಟಳೆಯುಂಟು. ನೆರೆಯವನ ದ್ರಾಕ್ಷೇತೋಟದೊಳಗೆ ಹೋದವನು ಹೊಟ್ಟೆ ತುಂಬುವಷ್ಟು ತಿನ್ನಬಹುದು; ಪಾತ್ರೆಯಲ್ಲಿ ತುಂಬಿಕೊಂಡು ಹೋಗಬಾರದು. ಪೈರಿನಲ್ಲಿ ನಡೆಯುವವನು ಕೈಯಿಂದ ತೆನೆ ಮುರಿಯಬಹುದು, ಕುಡುಗೋಲು ಹಾಕಬಾರದು. ಹಸಿವೆಯು ಅಳತೆ, ಆಶೆಯು ಅಳತೆಯಲ್ಲ. ಬೆಟ್ಟ ಹತ್ತುವದಕ್ಕೆ ಬರುವವರಿಗೆ ಇದೇ ಮಾತು ಸಾಕು. ಗಾಳಿಯನ್ನು ಸೇವಿಸಿರಿ, ಸೂರ್ಯೋದಯವನ್ನು ನೋಡಿ ಸಂತೋಷಿಸಿರಿ, ಬಾಯಾರಿದರೆ ಮನೆಯ ಬಾಗಿಲಲ್ಲಿ ನೀರು ಕೇಳಿ ಕುಡಿಯಿರಿ. ಆದರೆ ಬಾಟಲಿಗಳನ್ನೂ ತಿಂಡಿಯ ಕಾಗದಗಳನ್ನೂ ಬಂಡೆಯ ಸಂದಿನಲ್ಲಿ ಬಿಟ್ಟುಹೋಗಬೇಡಿರಿ. ಒಣಹುಲ್ಲಿನಲ್ಲಿ ಬೆಂಕಿ ಹಾಕಬೇಡಿರಿ. ಗುಡಿಗೆ ಬಂದವರ ಭಕ್ತಿಯನ್ನು ನಗೆಗೀಡು ಮಾಡಬೇಡಿರಿ. ಅರ್ಧ ದಿನದ ಅತಿಥಿಗೂ ಅತಿಥಿಯ ಧರ್ಮವಿದೆ.

ಎರಡನೆಯದು, ಪರದೇಶಿಯು ಕಲಿಯುವವನಾಗಿರಬೇಕು.

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಕರ್ತನು ಎಪ್ಪತ್ತು ಮಂದಿಯನ್ನು ಊರೂರಿಗೆ ಕಳುಹಿಸುವಾಗ, ಚೀಲವನ್ನಾದರೂ ಹಣವನ್ನಾದರೂ ತೆಗೆದುಕೊಳ್ಳದೆ ಹೋಗಿ, ಒಂದೇ ಮನೆಯಲ್ಲಿ ಇಳುಕೊಂಡು, ಬಡಿಸಿದ್ದನ್ನು ಉಣ್ಣಬೇಕೆಂದು ಆಜ್ಞಾಪಿಸಿದನು. ಒಳ್ಳೆಯ ಊಟ ಹುಡುಕಿಕೊಂಡು ಮನೆಯಿಂದ ಮನೆಗೆ ಹೋಗಬಾರದು. ಕೊಡುವದಕ್ಕೆ ಹೋದವನು ಮೊದಲು ತೆಗೆದುಕೊಳ್ಳುವದನ್ನು ಕಲಿಯಬೇಕೆಂಬದೇ ಇದರ ಭಾವ. ಈ ಪಾಠವನ್ನು ಕನ್ನಡ ನಾಡಿಗೆ ಬಂದ ಪರದೇಶಿಗಳಲ್ಲಿ ಕೆಲವರು ಕಲಿತರು, ಕೆಲವರು ಅರ್ಧ ಕಲಿತರು, ಕೆಲವರು ಕಲಿಯಲೇ ಇಲ್ಲ.

ಜರ್ಮನಿಯ ಹೆರ್ಮನ್ ಮೊಗ್ಲಿಂಗರು ೧೮೩೬ರಲ್ಲಿ ಮಂಗಳೂರಿಗೆ ಬಂದರು. ಆ ಕಾಲದಲ್ಲಿ ಪಾದ್ರಿಗಳೆಂದರೆ ಊರಿಗೆ ದೂರವಾದ ಬಂಗಲೆ, ಕುದುರೆ, ಆಳುಕಾಳುಗಳು ಎಂಬ ಎಣಿಕೆ ಜನರಲ್ಲಿ ಬೇರೂರಿತ್ತು. ಮೊಗ್ಲಿಂಗರು ತಮ್ಮ ವಿದ್ಯಾರ್ಥಿಗಳಾದ ಹುಡುಗರ ಸಂಗಡಲೇ ವಾಸಮಾಡಿದರು. ೧೮೪೩ರ ಜುಲೈ ಒಂದನೆಯ ತಾರೀಖಿನಲ್ಲಿ ಅವರು ಹೊರಡಿಸಿದ ಮಂಗಳೂರ ಸಮಾಚಾರವು ಕನ್ನಡದ ಮೊದಲನೆಯ ವೃತ್ತಾಂತ ಪತ್ರಿಕೆ. ಅಷ್ಟಲ್ಲದೆ, ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ಹುಡುಕಿ ಕೂಡಿಸಿ ಅಚ್ಚುಹಾಕಿಸಿದರು. ತನ್ನ ಮತವಲ್ಲದ ಮತದವರ ಭಕ್ತಿಗ್ರಂಥಗಳನ್ನು ಕಾಪಾಡಿ ಅವರ ಕೈಗೇ ತಿರಿಗಿ ಕೊಡುವದು ಅಹಂಕಾರಿಯಿಂದ ಆಗುವ ಕೆಲಸವಲ್ಲ.

ಅವರ ತರುವಾಯ ೧೮೫೩ರಲ್ಲಿ ಬಂದವರು ಫೆರ್ಡಿನಾಂಡ್ ಕಿಟೆಲರು. ಭಾರತೀಯರಿಗೆ ಭಾರತೀಯನಾಗಿರಬೇಕೆಂಬದು ಅವರ ಆಶೆಯಾಗಿತ್ತು. ಎಲ್ಲರಿಗೂ ಎಲ್ಲವೂ ಆಗಬೇಕೆಂದು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದದ್ದನ್ನು ಅವರು ಅಕ್ಷರಾರ್ಥವಾಗಿ ಹಿಡಿದುಕೊಂಡರು. ಕನ್ನಡ ಛಂದಸ್ಸನ್ನು ಕಲಿತು, ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯಗಳಲ್ಲಿ ಕಥಾಮಾಲೆಯೆಂಬ ಹೆಸರಿನಿಂದ ೧೮೬೨ರಲ್ಲಿ ಪ್ರಕಟಿಸಿದರು. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಅವರ ಕನ್ನಡ ಇಂಗ್ಲಿಷ್ ಕೋಶದಲ್ಲಿ ಸುಮಾರು ೭೦,೦೦೦ ಶಬ್ದಗಳಿವೆ. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಇವರು ದೇಶ ಸುತ್ತಿ ಕೋಶವನ್ನೇ ಮಾಡಿಕೊಟ್ಟರು. ಅದು ಒಬ್ಬನೇ ಕೂತು ಮಾಡಿದ ಕೆಲಸವಲ್ಲ. ಹಳೆಯ ಗ್ರಂಥಗಳ ಅರ್ಥಕ್ಕೆ ದೇಶೀಯ ಪಂಡಿತರ ಮುಂದೆ ಶಿಷ್ಯನಾಗಿ ಕೂತುಕೊಂಡರು. ಜನರ ಬಾಯಲ್ಲಿದ್ದ ಗಾದೆಗಳನ್ನೂ ಕೋಶದಲ್ಲಿ ಸೇರಿಸಿದರು. ಬೋಧಿಸುವದಕ್ಕೆ ಬಂದವನು ನಾಲ್ವತ್ತು ವರ್ಷಗಳ ವರೆಗೆ ಕೇಳುವವನಾಗಿದ್ದನು. ಅವರು ೧೯೦೩ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಅವರ ಕೋಶವು ಮಾತ್ರ ಇಂದಿಗೂ ಕನ್ನಡಿಗರ ಮೇಜಿನ ಮೇಲಿದೆ.

ಉಡುಪು ಊಟಗಳನ್ನು ಬದಲಾಯಿಸಿಕೊಂಡರೆ ಸಾಕೇ ಎಂದು ಯಾರಾದರೂ ಕೇಳಿದರೆ, ಸಾಲದು ಎಂದು ಹೇಳಬೇಕಾಗಿದೆ. ಫ್ರಾನ್ಸ್ ದೇಶದ ಅಬ್ಬೆ ದುಬೋಯಿ ಎಂಬ ರೋಮನ್ ಕಥೋಲಿಕ ಪಾದ್ರಿಗಳು ೧೭೯೨ರಲ್ಲಿ ಭಾರತಕ್ಕೆ ಬಂದು ಮೈಸೂರು ಸೀಮೆಯಲ್ಲಿ ಬಹು ವರ್ಷ ಇದ್ದರು. ಅವರು ಈ ದೇಶದವರಂತೆಯೇ ಉಟ್ಟರು, ಉಂಡರು, ನಡೆದರು. ಸಿಡುಬಿನ ರೋಗಕ್ಕೆ ದೇವಿ ಹಾಕಿಸುವ ಕೆಲಸದಲ್ಲಿ ಅವರು ಪಟ್ಟ ಶ್ರಮದಿಂದ ಅನೇಕರ ಪ್ರಾಣ ಉಳಿಯಿತು. ಅದನ್ನು ಕೃತಜ್ಞತೆಯಿಂದ ನೆನಸಬೇಕು. ಆದರೂ ಈ ಜನರ ಆಚಾರಗಳ ಕುರಿತು ಅವರು ಬರೆದ ಪ್ರಸಿದ್ಧವಾದ ಗ್ರಂಥದಲ್ಲಿ ಕಠಿಣವಾದ ತೀರ್ಪುಗಳು ತುಂಬಿವೆ. ೧೮೨೩ರಲ್ಲಿ ಅವರು ನಿರಾಶೆಯಿಂದ ಸ್ವದೇಶಕ್ಕೆ ಹಿಂತಿರುಗಿದರು. ಮೈಮೇಲಿನ ಬಟ್ಟೆಯು ಒಂದು ದಿನದಲ್ಲಿ ಬದಲಾಗುತ್ತದೆ. ನಾನೇ ಅಳೆಯುವವನು, ಇವರು ಅಳೆಯಲ್ಪಡುವವರು ಎಂಬ ಎಣಿಕೆಯು ಬದಲಾಗುವದಕ್ಕೆ ದೇವರ ಕೃಪೆ ಬೇಕು.

ಮೂರನೆಯದು, ಪರದೇಶಿಯು ತಾನಿರುವ ಊರಿನ ಕ್ಷೇಮವನ್ನು ಹುಡುಕಬೇಕು.

ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಯಾಗಿ ಹೋದವರು ತಮ್ಮ ಇಷ್ಟದಿಂದ ಹೋದವರಲ್ಲ. ಎರಡೇ ವರ್ಷಗಳಲ್ಲಿ ಎಲ್ಲವೂ ತಿರಿಗಿ ಬರುವದೆಂದು ಹನನ್ಯನೆಂಬವನು ಜನರ ಕಿವಿಗೆ ಹಿತವಾಗುವಂತೆ ಪ್ರವಾದಿಸಿದನು. ಎರಡು ವರ್ಷಗಳಲ್ಲಿ ಹೊರಡುವವನು ಮರವನ್ನು ಯಾತಕ್ಕೆ ನೆಟ್ಟಾನು? ಬಾವಿಯನ್ನು ಯಾತಕ್ಕೆ ಶುದ್ಧಮಾಡ್ಯಾನು? ನೆರೆಯವನ ಹೆಸರನ್ನು ಯಾತಕ್ಕೆ ಕೇಳ್ಯಾನು? ಯೆರೆಮೀಯನು ಪತ್ರ ಬರೆದು, ಎಪ್ಪತ್ತು ವರ್ಷಗಳೆಂದು ತಿಳಿಸಿದನು. ಮನೆಗಳನ್ನು ಕಟ್ಟಿ, ತೋಟಗಳನ್ನು ಮಾಡಿ, ಮಕ್ಕಳನ್ನು ಬೆಳೆಸಿ, ಆ ಪಟ್ಟಣದ ಸಮಾಧಾನಕ್ಕಾಗಿ ಪ್ರಾರ್ಥಿಸಬೇಕೆಂದು ಬೋಧಿಸಿದನು. ತಮ್ಮನ್ನು ಸೆರೆಹಿಡಿದವರ ಪಟ್ಟಣಕ್ಕಾಗಿ ಪ್ರಾರ್ಥಿಸಬೇಕಾಯಿತು! ಯಾಕಂದರೆ ಆ ಪಟ್ಟಣಕ್ಕೆ ಕ್ಷೇಮವಿದ್ದರೆ ಅವರಿಗೂ ಕ್ಷೇಮ. ತೋಟ ಮಾಡಿದವನು ತನ್ನ ಫಲವನ್ನೇ ತಿನ್ನುತ್ತಾನೆ; ಊರಿನವರ ಬಾಯಿಂದ ಕಸಿದುಕೊಳ್ಳುವದಿಲ್ಲ.

ಬೆಂಗಳೂರಿನಲ್ಲಿ ಇಂಥ ಪರದೇಶಿಯೊಬ್ಬರಿದ್ದರು. ಜರ್ಮನಿಯ ಗುಸ್ಟಾವ್ ಕ್ರುಂಬಿಗಲ್ಲರು ೧೮೯೩ರಲ್ಲಿ ಬರೋಡಕ್ಕೆ ತೋಟದ ಕೆಲಸಕ್ಕಾಗಿ ಬಂದು, ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಸೇರಿ, ಲಾಲ್‌ಬಾಗಿನ ಆಡಳಿತವನ್ನು ವಹಿಸಿಕೊಂಡರು. ವರ್ಷದ ಒಂದೊಂದು ಕಾಲದಲ್ಲಿ ಒಂದೊಂದು ಜಾತಿಯ ಮರ ಹೂಬಿಡುವಂತೆ ನೋಡಿಕೊಂಡು ಬೆಂಗಳೂರಿನ ಬೀದಿಗಳಲ್ಲಿ ಸಾಲುಮರಗಳನ್ನು ಹಾಕಿಸಿದರು. ಯುದ್ಧಕಾಲದಲ್ಲಿ ಜರ್ಮನರೆಂಬ ಕಾರಣದಿಂದ ಬಂಧನವನ್ನೂ ಅನುಭವಿಸಿದರು. ಆದರೂ ಈ ನಾಡನ್ನು ಬಿಟ್ಟುಹೋಗದೆ ೧೯೫೬ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಸಾಲುಮರವನ್ನು ನೆಡುವವನು ಅದರ ಪೂರ್ಣ ನೆರಳಿನಲ್ಲಿ ಕೂತುಕೊಳ್ಳುವದು ಅಪರೂಪ. ಮುಂದಿನವರು ಕೂತುಕೊಳ್ಳುತ್ತಾರೆ.

ಇಷ್ಟರ ವರೆಗೆ ಪರದೇಶಿಗಳ ವಿಷಯ ಹೇಳಿದೆವು. ಇನ್ನು ನಮ್ಮ ಮನಸ್ಸಾಕ್ಷಿಗೆ ಹತ್ತಿರವಾದ ಮಾತಿಗೆ ಬರಬೇಕು. ಯಾಜಕಕಾಂಡದ ೨೫ನೆಯ ಅಧ್ಯಾಯದಲ್ಲಿ ದೇವರು ಇಸ್ರಾಯೇಲ್ಯರಿಗೆ ತಿಳಿಸುವದೇನು? ಭೂಮಿಯು ದೇವರದು; ಅದರಲ್ಲಿ ಹುಟ್ಟಿ ಬೆಳೆದು ಪಹಣಿಯಲ್ಲಿ ಹೆಸರು ಬರೆಸಿಕೊಂಡವರೂ ಆತನ ಮುಂದೆ ಇಳುಕೊಂಡಿರುವ ಪರದೇಶಿಗಳೇ. ಈ ವಾಕ್ಯವು ಹುಟ್ಟೂರಿನವರ ಗರ್ವವನ್ನು ಮುರಿಯುತ್ತದೆ. ಅಳತೆ ಮೀರಿ ಕುಡಿಯುವದು ಹೊರಗಿನಿಂದ ಬಂದವನ ಗುಣ ಮಾತ್ರವಲ್ಲ. ನಂದಿಯ ಬೆಟ್ಟಗಳಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕಡೆಯಿಂದ ಹರಿಯುವ ಅರ್ಕಾವತಿಯನ್ನು ನೋಡಿರಿ. ೧೮೯೪ರಲ್ಲಿ ಹೆಸರಘಟ್ಟದಲ್ಲಿ ಅದೇ ಹೊಳೆಯ ನೀರನ್ನು ಕಟ್ಟಿ ಬೆಂಗಳೂರಿಗೆ ಕೊಟ್ಟರು. ಆ ಹೊಳೆಯು ಈಗ ವರ್ಷದ ಬಹುಭಾಗ ಒಣಗಿರುತ್ತದೆ. ಇದನ್ನು ಪರಿಶೋಧಿಸಿದ ಪಂಡಿತರು, ಮಳೆಯ ಕೊರತೆಗಿಂತಲೂ ಲೆಕ್ಕವಿಲ್ಲದ ಕೊಳವೆಬಾವಿಗಳೂ ನೀಲಗಿರಿಯ ತೋಪುಗಳೂ ಇದಕ್ಕೆ ಮುಖ್ಯ ಕಾರಣವಾಗಿರಬೇಕೆಂದು ಹೇಳಿದ್ದಾರೆ. ಈ ತಾಲೂಕಿನಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಕ್ಕದ ಬಾವಿಗಳುಂಟು. ಅವುಗಳನ್ನು ಕೊರೆಸಿದವರು ಆಸ್ಟ್ರೇಲಿಯದವರಲ್ಲ. ಮೊಮ್ಮಕ್ಕಳು ಕುಡಿಯಬೇಕಾದ ನೀರನ್ನು ಇಂದೇ ಎತ್ತಿಬಿಡುವವನು, ಅವನ ತಾತ ಮುತ್ತಾತಂದಿರು ಇದೇ ಊರಿನವರಾಗಿದ್ದರೂ, ಇನ್ನೊಬ್ಬನ ದ್ರಾಕ್ಷೇತೋಟದಲ್ಲಿ ಪಾತ್ರೆ ತುಂಬಿಕೊಂಡವನೇ ಸರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ನೀರಿಗೂ ಸಲ್ಲುತ್ತದೆ.

ಆದಕಾರಣ ಸಭೆಯವರಿಗೆ ಕೆಲವು ಬುದ್ಧಿಮಾತುಗಳನ್ನು ಪ್ರೀತಿಯಿಂದ ಹೇಳುತ್ತೇವೆ.

ಮಕ್ಕಳನ್ನು ಪರದೇಶಕ್ಕೆ ಕಳುಹಿಸುವ ತಂದೆತಾಯಿಗಳೇ, ಅವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಹುರಿಹಿಟ್ಟುಗಳ ಸಂಗಡ ಈ ಬೋಧನೆಯನ್ನೂ ಇಟ್ಟುಕೊಡಿರಿ. ಕೊಲ್ಲಿಯ ದೇಶಗಳಲ್ಲಿ ಕುಡಿಯುವ ನೀರು ಬಹುಮಟ್ಟಿಗೆ ಸಮುದ್ರದ ನೀರಿನಿಂದ ಉಪ್ಪು ತೆಗೆದು ಮಾಡಿದ್ದು. ಅದಕ್ಕೆ ಬಹಳ ಇಂಧನ ಉರಿಯುತ್ತದೆ. ನಲ್ಲಿಯಲ್ಲಿ ಧಾರಾಳವಾಗಿ ಬರುತ್ತದೆಂದು ಧಾರಾಳವಾಗಿ ಚೆಲ್ಲಬಾರದು. ಅಲ್ಲಿ ರಂಜಾನ್ ತಿಂಗಳಿನಲ್ಲಿ ನೆರೆಯವರು ಉಪವಾಸವಿರುವಾಗ ಬೀದಿಯಲ್ಲಿ ತಿನ್ನುತ್ತಾ ನಡೆಯುವದು ಪ್ರೀತಿಯಲ್ಲ. ಜರ್ಮನಿಯಲ್ಲಿ ಭಾನುವಾರವು ನಿಶ್ಶಬ್ದದ ದಿನ. ಗೋಡೆಗೆ ಮೊಳೆ ಹೊಡೆಯುವ ಕೆಲಸವನ್ನು ಸಹ ಆ ದಿನ ಬಿಡುತ್ತಾರೆ. ಕಸವನ್ನು ಕಾಗದ, ಗಾಜು, ಅಡಿಗೆಮನೆಯ ಕಸ ಎಂದು ಬೇರೆಬೇರೆ ಮಾಡಿ ಹಾಕುವದು ಅಲ್ಲಿಯ ಪದ್ಧತಿ. ಇವುಗಳನ್ನು ಕಲಿಯುವದು ಅವಮಾನವಲ್ಲ. ಮೊದಲನೆಯ ಸಂಬಳದಿಂದ ದೊಡ್ಡ ವಾಹನ ಕೊಂಡು ಊರಿಗೆ ಚಿತ್ರ ಕಳುಹಿಸುವ ಮಗನಿಗಿಂತಲೂ, ಆ ದೇಶದ ಮಾತಿನಲ್ಲಿ ನೆರೆಯ ಮುದುಕಿಯ ಕ್ಷೇಮವನ್ನು ವಿಚಾರಿಸಲು ಕಲಿತ ಮಗಳು ಹೆಚ್ಚಾಗಿ ಸಂಪಾದಿಸಿದ್ದಾಳೆಂದು ತಿಳಿಯಿರಿ. ಊರಿಗೆ ಹಣ ಕಳುಹಿಸೆಂದು ಪದೇ ಪದೇ ಕೇಳಿ, ಅವಳು ಅಲ್ಲಿ ನೀಲಗಿರಿಯಾಗುವಂತೆ ಮಾಡಬೇಡಿರಿ.

ಹೊರಗಿನಿಂದ ಬಂದವರಿಗೆ ಕೋಣೆ ಬಾಡಿಗೆ ಕೊಡುವವರೇ, ಕೆಲಸ ಕೊಡುವವರೇ, ಅಂಗಡಿಯಲ್ಲಿ ಅಕ್ಕಿ ತೂಗುವವರೇ, ಪರದೇಶಿಯನ್ನು ನಿಮ್ಮಂತೆಯೇ ಪ್ರೀತಿಸಬೇಕೆಂದು ದೇವರು ಆಜ್ಞಾಪಿಸಿರುವದನ್ನು ಯಾಜಕಕಾಂಡದ ೧೯ನೆಯ ಅಧ್ಯಾಯದಲ್ಲಿ ಓದಿರಿ. ಒಂದೇ ಕೋಣೆಯಲ್ಲಿ ಎಂಟು ಮಂದಿಯನ್ನು ತುಂಬಿ ಎಂಟು ಬಾಡಿಗೆ ತೆಗೆದುಕೊಳ್ಳುವದು, ಮಾತು ತಿಳಿಯದವನಿಗೆ ತಕ್ಕಡಿಯನ್ನು ಓರೆಮಾಡುವದು, ಇವು ಆ ಆಜ್ಞೆಗೆ ವಿರೋಧ. ಅವರಿಗೆ ಕನ್ನಡ ಬರುವದಿಲ್ಲವೆಂದು ಸಿಟ್ಟಾಗುವದು ಸುಲಭ. ದಿನಕ್ಕೆ ನಾಲ್ಕು ಮಾತು ಕಲಿಸುವದು ಒಳ್ಳೆಯದು. ದೊಡ್ಡಬಳ್ಳಾಪುರದ ನೇಕಾರರಲ್ಲಿ ಮನೆಯಲ್ಲಿ ತೆಲುಗನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡುವ ಮನೆತನಗಳುಂಟು. ಅವರನ್ನು ಯಾರೂ ಈಗ ಪರದೇಶಿಗಳೆನ್ನುವದಿಲ್ಲ. ಇಂದು ಬಂದವರ ಮಕ್ಕಳು ಹಾಗೆಯೇ ಆಗಬಹುದು. ಕ್ರಿಸ್ಮಸ್ ಹಬ್ಬದಲ್ಲಿ ಒಬ್ಬ ಪರದೇಶಿಯಾದರೂ ನಿಮ್ಮ ಪಂಕ್ತಿಯಲ್ಲಿ ಕೂತು ಊಟ ಮಾಡಲಿ. ನಮ್ಮ ರಕ್ಷಕನು ಸಹ ಶಿಶುವಾಗಿದ್ದಾಗ ತಾಯಿಯ ಮಡಿಲಲ್ಲಿ ಐಗುಪ್ತದೇಶಕ್ಕೆ ಓಡಿಹೋಗಿ ಪರರ ನೆಲದಲ್ಲಿ ಇಳುಕೊಂಡಿದ್ದವನಲ್ಲವೇ?

ಊರಲ್ಲಿಯೇ ಉಳಿದು ಉಳುವವರೇ, ಸಾಧ್ಯವಿದ್ದವರು ಒಂದು ತುಂಡು ಹೊಲವನ್ನಾದರೂ ರಾಗಿಗೂ ಅಕ್ಕಡಿಗೂ ಬಿಡಿರಿ. ಕೆರೆಗೆ ನೀರು ತರುವ ಕಾಲುವೆಗಳ ಹೂಳನ್ನು ಮಳೆಗಾಲಕ್ಕೆ ಮುಂಚೆ ಊರವರೊಂದಿಗೆ ಕೂಡಿ, ಯಾವ ಮತದವರೆಂದು ನೋಡದೆ, ತೆಗೆಯಿರಿ. ಕೊಳವೆಬಾವಿಯಲ್ಲಿ ನೀರಿದ್ದವನು ಇಲ್ಲದವನಿಗೆ ಕೊಡದ ಪಾತ್ರೆ ನೀರಿನ ಲೆಕ್ಕವನ್ನು ದೇವರು ಕೇಳದಿರುವದಿಲ್ಲ.

ಮನುಷ್ಯನು ಭೂಮಿಯ ಮೇಲೆ ಇಳುಕೊಂಡಿರುವ ಕಾಲವು ಸ್ವಲ್ಪ. ಕೆಲವರು ಹೋದ ಮೇಲೆ ಅವರ ಹಿಂದೆ ಒಣಗಿದ ನೆಲ ಉಳಿಯುತ್ತದೆ. ಕೆಲವರ ಹಿಂದೆ ಬಿತ್ತನೆಗೆ ಬೀಜ ಉಳಿಯುತ್ತದೆ. ಯಾವ ದೇಶದಲ್ಲಿದ್ದರೂ ಕೇಳಿ ತೆಗೆದುಕೊಳ್ಳುವ ಬಾಯನ್ನೂ, ಅಳತೆ ಬಲ್ಲ ಕೈಯನ್ನೂ, ಕಲಿಯುವ ಕಿವಿಯನ್ನೂ, ನೆರೆಯವರ ಕ್ಷೇಮವನ್ನು ಹುಡುಕುವ ಹೃದಯವನ್ನೂ ದೇವರು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೆನ್.